ಸ್ಪಷ್ಟನೆ: 2019ರಲ್ಲಿ ಸುಮಲತಾ ಗೆದ್ದದ್ದು ಬಿಜೆಪಿ ಟಿಕೆಟ್‌ನಲ್ಲಿ ಅಲ್ಲ

ನಿನ್ನೆ ನಾನು ಹಾಕಿದ್ದ ಸಂದೇಶದಲ್ಲಿ ತಪ್ಪಾಗಿದೆ. ‘2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಬಿಜೆಪಿ ಅಭ್ಯರ್ಥಿಯಾಗಿ ಗೆದ್ದರು’ ಎಂದು ಬರೆದಿದ್ದೆ. ಅದು ಈಗಾಗಲೇ ಹಲವು ಗುಂಪುಗಳಿಗೆ ಹೋಗಿದೆ. ಕ್ಷಮಿಸಿ.

ಆ ಲೋಕಸಭಾ ಚುನಾವಣೆಯಲ್ಲಿ ಅವರು ನಿಂತಿದ್ದು ಪಕ್ಷೇತರರಾಗಿ. ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲ ಕೊಟ್ಟಿತ್ತು, ಅಷ್ಟೆ. ಮತಯಂತ್ರದಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು ಕಮಲವಲ್ಲ, ಕಹಳೆ ಊದುವ ರೈತ. ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರಿಂದ ಆ ಗುರುತನ್ನು ಊರೂರಿಗೆ ತಿಳಿಸಬೇಕಾಗಿತ್ತು. ಚುನಾವಣಾ ಆಯೋಗದ ಫಲಿತಾಂಶ ಪಟ್ಟಿಯಲ್ಲೂ ‘ಪಕ್ಷೇತರ’ ಎಂದೇ ಇದೆ. ಕಾಂಗ್ರೆಸ್ ಮೈತ್ರಿಯ ಜೆಡಿಎಸ್ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ ವಿರುದ್ಧ ಗೆಲುವಿನ ಅಂತರ 1,25,876 ಮತ.

2023ರ ಮಾರ್ಚ್‌ನಲ್ಲಿ ಸುಮಲತಾ ಬಿಜೆಪಿಗೆ ಬೆಂಬಲ ಘೋಷಿಸಿದರು. ಪಕ್ಷ ಸೇರಿದ್ದು 2024ರ ಏಪ್ರಿಲ್‌ನಲ್ಲಿ. ಬೆಂಬಲವೇ ಬೇರೆ, ಸದಸ್ಯತ್ವವೇ ಬೇರೆ. ನಾನು ಎರಡನ್ನೂ ಒಂದು ಮಾಡಿಬಿಟ್ಟಿದ್ದೆ.

ಅಷ್ಟರಲ್ಲಿ ಜೆಡಿಎಸ್ ದಾರಿಯೂ ಬದಲಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದು ಬಿಜೆಪಿ ನೇತೃತ್ವದ ಎನ್‌ಡಿಎ ಮೈತ್ರಿಕೂಟ ಸೇರಿತು. 2024ರಲ್ಲಿ ಮಂಡ್ಯದಿಂದ ಗೆದ್ದ ಎಚ್.ಡಿ. ಕುಮಾರಸ್ವಾಮಿ ಅವರಿಗೂ ಬಿಜೆಪಿ ಬೆಂಬಲವಿತ್ತು, ಆದರೆ ಅವರ ಗುರುತು ಜೆಡಿಎಸ್‌ನ ತೆನೆ ಹೊತ್ತ ಮಹಿಳೆಯೇ.

ಹಳೆಯ ಸಂದೇಶ ನಿಮ್ಮಲ್ಲಿದ್ದರೆ ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೆ ಇದನ್ನೂ ಹಾಕಿ.