ರಾತ್ರಿ ದಿಂಬಂ ಹತ್ತೋಕೆ ಬಿಡಲ್ಲ ಸ್ವಾಮಿ

ನಿಮ್ಮ ಲೇಖನದಲ್ಲಿ ಬೆಂಗಳೂರಿಂದ ಊಟಿಗೆ ಹೋಗೋ ಪ್ಲಾನ್ ಚೆನ್ನಾಗೇ ಕೊಟ್ಟಿದೀರ, ಆದ್ರೆ ವಾಪಸ್ ಬರೋವಾಗ ಮೆಟ್ಟುಪಾಳ್ಯ, ಸತ್ಯಮಂಗಲ ಮೇಲೆ ಬಂದು ರಾತ್ರಿ ಹೊತ್ತು ಸತ್ಯಮಂಗಲ ಕಾಡಿನ ದಿಂಬಂ ಘಾಟಿ ಹತ್ತಿದ್ರೆ ಟ್ರಾಫಿಕ್ಕೇ ಇರಲ್ಲ ಅಂದಿದೀರಲ್ಲ, ಎಲ್ಲಿರುತ್ತೆ, ಘಾಟಿ ಬುಡದ ಬಣ್ಣಾರಿ ಚೆಕ್‌ಪೋಸ್ಟಲ್ಲಿ ಗೇಟೇ ಹಾಕಿರ್ತಾರೆ! 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆರ್ಡರ್ ಪ್ರಕಾರ ಲಾರಿಗೆ ಸಂಜೆ 6ಕ್ಕೇ ಬಂದ್, ಕಾರಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ. ಬಂಡೀಪುರದ ಕಡೆ ತಿರುಗಿಸ್ಕೊಂಡ್ರೂ ಅದೇ 9 ಗಂಟೆ ಕಥೆ. ಘಾಟಿ ಮೇಲಿರೋ ನಮ್ಮ ತಾಳವಾಡಿ ಕಡೆಯವ್ರು ದಿನಾ ಓಡಾಡೋ ರೋಡು ಇದು, ಅದಕ್ಕೇ ಹೇಳ್ತಿರೋದು, ಬೆಳಿಗ್ಗೇನೇ ಊಟಿ ಬಿಡಿ. ಘಾಟಿಯ 27 ತಿರುವುಗಳಲ್ಲಿ ದೊಡ್ಡ ಲಾರಿ ಒಂದೇ ಸಲಕ್ಕೆ ತಿರುಗಲ್ಲ, ರಿವರ್ಸ್ ತಗೊಂಡು ತಿರುಗಿಸ್ತಾನೆ, ಅವನ ಹಿಂದೇನೇ ಅಂಟ್ಕೊಂಡು ನಿಂತು ಹಾರನ್ ಹೊಡೀಬೇಡಿ. ಹಾಸನೂರು ದಾಟಿದ್ಮೇಲೆ ಕಾರಪಳ್ಳ ಹತ್ರ ಕಬ್ಬಿನ ಲಾರಿಗೆ ಕಾಯ್ತಾ ಆನೆ ನಿಂತಿರೋದುಂಟು, ಸೆಲ್ಫಿಗೆ ಅಂತ ಇಳಿಯೋರನ್ನ ನೋಡಿದ್ರೆ ಭಯ ಆಗುತ್ತೆ. ಅಂದಹಾಗೆ, ಇಷ್ಟುದ್ದ ಬರ್ದು ಊಟಿಗೆ 2024ರ ಮೇಯಿಂದ ಇ-ಪಾಸ್ (ಆನ್‌ಲೈನಲ್ಲಿ ತಗೊಳ್ಳೋ ಪ್ರವೇಶದ ಅನುಮತಿ) ಬೇಕು ಅನ್ನೋದನ್ನೇ ಬಿಟ್ಟಿದೀರಲ್ಲ?