ಪೀಟ್ ಚೀಲ ಅಷ್ಟು ನಿರುಪದ್ರವಿಯೇ?
‘ತಾರಸಿ ತೋಟಕ್ಕೆ ಪೀಟ್ ಮಾಸ್ ಬಳಸಿ, ಅದು ಮತ್ತೆ ಬೆಳೆಯುತ್ತದೆ, ಪರಿಸರಕ್ಕೆ ತೊಂದರೆಯಿಲ್ಲ’ ಎಂದಿದ್ದೀರಿ. ಲೇಖನ ಚೆನ್ನಾಗಿದೆ, ಈ ಮಾತು ಮಾತ್ರ ಒಪ್ಪಲಾರೆ. ಜೌಗುನೆಲದ ಮೇಲಿನ ಹಸಿರು ಸ್ಫ್ಯಾಗ್ನಮ್ ಹಾವಸೆ ಚಿಗುರೀತು. ಆದರೆ ಚೀಲದಲ್ಲಿ ಬರುವ ಕಂದು ಪುಡಿ ಅದರಡಿ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಕೂತ ಸತ್ತ ಹಾವಸೆಯ ಪದರ, ಅದೇ ಪೀಟ್. ಅದು ದಪ್ಪವಾಗುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್!

ಈ ಹಾವಸೆಯ ಎಲೆಯ ತುಂಬ ಸತ್ತು ಟೊಳ್ಳಾದ, ತೂತುಬಿದ್ದ ಕೋಶಗಳು. ಅದಕ್ಕೇ ಒಣ ತೂಕದ 15–20 ಪಟ್ಟು ನೀರು ಹಿಡಿಯುತ್ತದೆ. ಜತೆಗೆ ಸುತ್ತಲಿನ ನೀರನ್ನು ಹುಳಿಯಾಗಿಸಿ, ಕೊಳೆಸುವ ಸೂಕ್ಷ್ಮಜೀವಿಗಳ ಕೈ ಕಟ್ಟುತ್ತದೆ. ಜಗತ್ತಿನ ನೆಲದ ಶೇ 3ರಷ್ಟೇ ಇರುವ ಪೀಟ್ ಜೌಗಿನಲ್ಲಿ ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲ ಉಳಿದಿರುವುದು ಹೀಗೆ. ಅಗೆದು ಒಣಗಿಸಿದರೆ ಅದು ನಿಧಾನಕ್ಕೆ ಗಾಳಿಗೆ ಸೇರುತ್ತದೆ.

ಉಡುಪಿಯಲ್ಲಿ ಕೂತು ಕೆನಡಾದ, ಬಾಲ್ಟಿಕ್ ದೇಶಗಳ ಜೌಗು ತರಿಸುವ ದರ್ದೇನು? ತೆಂಗಿನ ನಾರಿನ ಪುಡಿ ಇಲ್ಲೇ ಸಿಗುತ್ತದೆ, ಉಪ್ಪಿನಂಶ ಹೋಗುವಂತೆ ತೊಳೆದು ಹಾಕಿದರಾಯಿತು. (ಅದೂ ನೀರು ಹಿಡಿಯುತ್ತದೆ, ಜಲ್ಲಿ ಬೆರೆಸಿ.) ಆಟಿಯ ಮಳೆಗೆ ಮೈಯೊಡ್ಡಿದ ಕುಂಡಕ್ಕೆ ಬರೀ ಪೀಟ್ ತುಂಬಿದರಂತೂ ಆಂಥೂರಿಯಂನಂಥ ಹೂಗಿಡದ ಬೇರು ಕೊಳೆಯುವುದೇ ಹೆಚ್ಚು.