ಅಮ್ಮ ಮನೆಗೆಲಸದವಳು, ಮಗಳು ಟೀಚರು: ಒಂದು ಐರಿಷ್ ಲೆಕ್ಕ

ಅಮೆರಿಕದ ಐರಿಷ್ ವಲಸೆ ಅಂದರೆ ಗಂಡಸರ ಕತೆ. ಗುದ್ದಲಿ ಹಿಡಿದು ಕಾಲುವೆ ತೋಡಿದರು, ರೈಲು ಹಳಿ ಹಾಕಿದರು, ಆಮೇಲೆ ಪೊಲೀಸರಾದರು, ರಾಜಕಾರಣಿಗಳಾದರು. ಹೆಣ್ಣುಮಕ್ಕಳಿಗೆ ಸಿಗುವುದು ಒಂದೇ ಸಾಲು: ಅಮ್ಮ ಕಂಡವರ ಮನೆಯಲ್ಲಿ ದುಡಿದಳು, ಮಗಳು ಟೀಚರಾದಳು, ಮನೆತನ ಉದ್ಧಾರವಾಯಿತು. ಈ ಸಾಲಿನ ಬಗ್ಗೆ ನನ್ನ ತಕರಾರಿದೆ. ಕೆಲಸ ಬದಲಾಯಿತು ನಿಜ. ಕೈಗೆ ಬರುವ ಕಾಸು, ಅದನ್ನು ಎಷ್ಟು ಕೊಡಬೇಕೆಂದು ತೀರ್ಮಾನಿಸುವವರು, ಎರಡೂ ಬಹಳ ಕಾಲ ಬದಲಾಗಲಿಲ್ಲ.

ಇಲಿನಾಯ್ ರಾಜ್ಯವನ್ನೇ ತಗೊಳ್ಳಿ. ಶಿಕಾಗೋದಿಂದ ನೈಋತ್ಯಕ್ಕೆ 96 ಮೈಲಿ ಉದ್ದದ ಇಲಿನಾಯ್-ಮಿಶಿಗನ್ ಕಾಲುವೆಯ ಕೆಲಸ 1836ರಲ್ಲಿ ಶುರುವಾಗಿ 1848ರಲ್ಲಿ ಮುಗಿಯಿತು. ತೋಡಿದವರಲ್ಲಿ ಬಹುಪಾಲು ಐರಿಷರು. ಮಧ್ಯದಲ್ಲಿ ಸರ್ಕಾರದ ಬೊಕ್ಕಸ ಬರಿದಾಗಿ ಕೂಲಿಗೆ ನಗದಿನ ಬದಲು ಚೀಟಿ ಕೊಟ್ಟರು. ಅಂಗಡಿಯವನು ಆ ಚೀಟಿಯನ್ನು ಮುಖಬೆಲೆಗೆ ಮುಟ್ಟುತ್ತಿರಲಿಲ್ಲ, ಆದರೆ ಕಾಲುವೆ ಪಕ್ಕದ ಸರ್ಕಾರಿ ಜಮೀನು ಕೊಳ್ಳಲು ನಡೆಯುತ್ತಿತ್ತು. ಕಾಲುವೆ ದಂಡೆಯ ಜೋಲಿಯೆಟ್ ಊರಿನ ಸುತ್ತಮುತ್ತ ಐರಿಷ್ ಹೊಲಮನೆಗಳು ಎದ್ದದ್ದಕ್ಕೆ ಇದೂ ಒಂದು ಕಾರಣ. ಅಷ್ಟರಲ್ಲಿ 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಊರು ಬಿಟ್ಟರು. ಹೀಗೆ ಬಂದವರಲ್ಲಿ ಮದುವೆಯಾಗದ ಹುಡುಗಿಯರು ಬಹಳ. ಬೇರೆ ದೇಶಗಳ ವಲಸೆಯಲ್ಲಿ ಇದು ಅಪರೂಪ.

ಅವರಿಗೆ ಸಿಕ್ಕಿದ್ದು ಮನೆಗೆಲಸ. ಊಟ, ಮಲಗಲು ಅಟ್ಟದ ಕೋಣೆ, 1850ರ ದಶಕದಲ್ಲಿ ವಾರಕ್ಕೆ ಒಂದು-ಒಂದೂವರೆ ಡಾಲರ್. 1890ರ ಹೊತ್ತಿಗೆ ಮೂರು ದಾಟಿತ್ತು. ರಜೆ ಅಂದರೆ ಗುರುವಾರ ಮಧ್ಯಾಹ್ನ, ಮತ್ತೆ ಭಾನುವಾರ ಒಂದಷ್ಟು ಹೊತ್ತು.

ಸೋಮವಾರ ಬಟ್ಟೆ ಒಗೆಯುವ ದಿನ. ಒಂದು ಸಲ ತಿಕ್ಕಿ, ಒಂದು ಸಲ ಕುದಿಸಿ, ಒಂದು ಸಲ ಜಾಲಿಸಲು ಸುಮಾರು 50 ಗ್ಯಾಲನ್ ನೀರು ಬೇಕು, ಅಂದರೆ 190 ಲೀಟರ್. ಬಾವಿಯಿಂದ ಒಲೆಗೆ, ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಹಿತ್ತಲಿಗೆ ಎಲ್ಲವನ್ನೂ ಕೈಯಲ್ಲೇ ಹೊರಬೇಕು. ಜೋಲಿಯೆಟ್ ಸುಣ್ಣಕಲ್ಲಿನ ಊರು, ಬಾವಿ ನೀರು ಗಡಸು, ಸೋಪು ನೊರೆ ಬರದೆ ಒಡೆದ ಹಾಲಿನಂತಾಗಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಸೂರಿನ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಡುತ್ತಿದ್ದರು. ಅದು ಬತ್ತಿದರೆ ನೀರಿಗೆ ವಾಷಿಂಗ್ ಸೋಡಾ ಹಾಕಿ ಮೆತ್ತಗೆ ಮಾಡಬೇಕು, ಕೈಯ ಚರ್ಮ ಹೋಗುತ್ತದೆ. ಬಿಳಿ ಬಟ್ಟೆ ಮೊದಲು, ಬಣ್ಣದ್ದು ಆಮೇಲೆ, ಕೊಳೆ ಜಾಸ್ತಿಯಿದ್ದದ್ದು ಕೊನೆಗೆ, ಅದೇ ನೀರಿನಲ್ಲಿ. ಹಿಂದಿನ ರಾತ್ರಿ ನೆನೆಸಿ, ಬೋರ್ಡಿನ ಮೇಲೆ ತಿಕ್ಕಿ ಕೊಳೆ ಬಿಡಿಸಿದ ಮೇಲೆಯೇ ಕುದಿಸಬೇಕು. ಅವಸರಪಟ್ಟು ನೇರ ಕುದಿಯುವ ನೀರಿಗೆ ಹಾಕಿದರೆ ರಕ್ತದ, ಹಾಲಿನ ಕಲೆ ಬೆಂದು ಕೂರುತ್ತದೆ, ಆಮೇಲೆ ಏನು ಮಾಡಿದರೂ ಹೋಗದು.

ನೀಲಿ ಹಾಕುವುದು ಇನ್ನೂ ಸೂಕ್ಷ್ಮ. ಆಗ ಮಾರುತ್ತಿದ್ದ ದ್ರವ ನೀಲಿಗಳಲ್ಲಿ ಎಷ್ಟೋ ಕಬ್ಬಿಣದ ಅಂಶದವು. ಬಟ್ಟೆಯಲ್ಲಿ ಸೋಪಿನ ಕ್ಷಾರ ಚೂರು ಉಳಿದಿದ್ದರೂ ಆ ನೀಲಿ ಒಡೆದು, ಇಸ್ತ್ರಿ ಬಿಸಿ ತಾಗಿದಾಗ ತುಕ್ಕಿನ ಚುಕ್ಕೆ ಏಳುತ್ತದೆ. ಒಡತಿಯ ಕಣ್ಣಿಗೆ ಅದು ಐರಿಷ್ ಹುಡುಗಿಯ ಕೊಳಕುತನ. ಜಾಲಿಸಲು ಇನ್ನೆರಡು ಬಕೆಟ್ ನೀರು ಬೇಕಿತ್ತು ಅಷ್ಟೇ, ಆದರೆ ಅದನ್ನು ಹೊರುವವಳೂ ಇವಳೇ ತಾನೆ! ಚಳಿಗಾಲದಲ್ಲಿ ಹಗ್ಗದ ಮೇಲೆ ಬಟ್ಟೆ ಹಲಗೆಯ ಹಾಗೆ ಹೆಪ್ಪುಗಟ್ಟುತ್ತದೆ, ಮಡಚಲು ಹೋದರೆ ನೂಲು ಮುರಿಯುತ್ತದೆ. ಮಂಗಳವಾರ ಇಸ್ತ್ರಿ. ಒಲೆಯ ಮೇಲೆ ಮೂರು ಇಸ್ತ್ರಿಪೆಟ್ಟಿಗೆ ಸರದಿಯಲ್ಲಿ ಕಾಯುತ್ತಿರಬೇಕು, ಪ್ರತಿ ಸಲ ತಳದ ಮಸಿ ಒರೆಸಿ ಮೇಣ ಸವರಬೇಕು. ಗಂಜಿ ಹಾಕಿದ ಕಾಲರಿನ ಮೇಲೆ ಒಂದು ಕ್ಷಣ ಹೆಚ್ಚು ಇಟ್ಟರೆ ಕಂದು. ಇಷ್ಟೆಲ್ಲ ಗೊತ್ತಿದ್ದವಳನ್ನು ಪತ್ರಿಕೆಗಳು 'ಬ್ರಿಜೆಟ್' ಎಂಬ ದಡ್ಡಿಯಾಗಿ ವ್ಯಂಗ್ಯಚಿತ್ರ ಬರೆದು ನಗುತ್ತಿದ್ದವು.

ಈಗ ಮಗಳ ಕಡೆ ಬರೋಣ. ಜೋಲಿಯೆಟ್ಟಿನ ಐರಿಷ್ ಮನೆತನವೊಂದರಲ್ಲಿ 1861ರಲ್ಲಿ ಹುಟ್ಟಿದ ಮಾರ್ಗರೆಟ್ ಹೇಲಿ ಹದಿನಾರರ ಆಸುಪಾಸಿನಲ್ಲೇ ಹಳ್ಳಿಶಾಲೆಗೆ ಪಾಠ ಹೇಳಲು ಹೋದವಳು. ಹಳ್ಳಿಶಾಲೆಯೆಂದರೆ ಒಂದೇ ಕೋಣೆ. ಬೆಳಗ್ಗೆ ಟೀಚರೇ ಹೋಗಿ ಒಲೆ ಹಚ್ಚಬೇಕು, ಕಸ ಗುಡಿಸಬೇಕು, ನೀರು ತರಬೇಕು. ಅಕ್ಷರ ಕಲಿಯುವ ಮಗುವಿನಿಂದ ಹಿಡಿದು ಟೀಚರಿಗಿಂತ ದೊಡ್ಡ ಹುಡುಗರವರೆಗೆ ಎಲ್ಲರೂ ಅಲ್ಲೇ. ಒಂದೊಂದು ಗುಂಪನ್ನು ಮುಂದಿನ ಬೆಂಚಿಗೆ ಕರೆದು ಹತ್ತು ನಿಮಿಷ ಪಾಠ ಒಪ್ಪಿಸಿಕೊಳ್ಳುವುದು, ಉಳಿದವರನ್ನು ಕಣ್ಣಲ್ಲೇ ಹಿಡಿದಿಡುವುದು. ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದಲ್ಲಿ ದೊಡ್ಡ ಹುಡುಗರು ಬರುತ್ತಾರೆ, ಹೊಸ ಟೀಚರ್ ಸೋಲುವುದು ಆಗಲೇ.

ಸಂಬಳ ಶಾಲೆ ನಡೆದ ತಿಂಗಳಿಗೆ ಮಾತ್ರ. ತಿಂಗಳಿಗೆ 30 ಡಾಲರಿನಂತೆ ಆರು ತಿಂಗಳು ಅಂತ ಹಿಡಿಯಿರಿ, ವರ್ಷಕ್ಕೆ 180. ಅದರಲ್ಲೇ ಊಟ, ಬಾಡಿಗೆ, ಮರ್ಯಾದೆಗೆ ತಕ್ಕ ಬಟ್ಟೆ. ವಾರಕ್ಕೆ ಮೂರು ಡಾಲರಿನ ಕೆಲಸದವಳಿಗೆ ವರ್ಷಕ್ಕೆ 156, ಊಟ ಕೋಣೆ ಬಿಟ್ಟಿ. ಊರಿಗೆ ಹಣ ಕಳಿಸಿ ತಮ್ಮ ತಂಗಿಯರಿಗೆ ಹಡಗಿನ ಟಿಕೆಟ್ ಕಟ್ಟುವ ವಿಷಯದಲ್ಲಿ 'ಅನಕ್ಷರಸ್ಥೆ ಬ್ರಿಜೆಟ್' ಹಳ್ಳಿಯ ಟೀಚರಮ್ಮನಿಗಿಂತ ಮುಂದಿದ್ದಳು. ಟೀಚರಿಗೆ ಸಿಕ್ಕಿದ್ದು ಗೌರವ. ಅದೇನೂ ಸಣ್ಣದಲ್ಲ, ಆದರೆ ಮದುವೆಯಾದರೆ ಬಹಳ ಕಡೆ ಆ ಕೆಲಸವೂ ಹೋಗುತ್ತಿತ್ತು.

ಹೇಲಿ 1880ರ ದಶಕದಲ್ಲಿ ಶಿಕಾಗೋಗೆ ಬಂದು ಕಸಾಯಿಖಾನೆಗಳ ಬದಿಯ ಬಡಾವಣೆಯಲ್ಲಿ ಪಾಠ ಮಾಡಿದಳು. ಒಂದು ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳು. ಪ್ರಾಥಮಿಕ ಶಾಲೆ ಟೀಚರಿಗೆ ಎಷ್ಟು ಕಾಲ ದುಡಿದರೂ ಸಿಗುತ್ತಿದ್ದ ಗರಿಷ್ಠ ಸಂಬಳ ವರ್ಷಕ್ಕೆ 800 ಡಾಲರಿನ ಆಸುಪಾಸು, ಅದೂ ಎರಡು ದಶಕ ಅಲುಗಾಡಲಿಲ್ಲ. 1897ರಲ್ಲಿ ಟೀಚರುಗಳು ಸಂಘ ಕಟ್ಟಿದರು. ಸಂಬಳ ಏರಿತು, ಆಮೇಲೆ ಹಣವಿಲ್ಲ ಅಂತ ಶಿಕ್ಷಣ ಮಂಡಳಿ ಅದನ್ನು ಕಿತ್ತುಕೊಂಡಿತು.

ನಾನು ತಿರುವು ಅನ್ನುವುದು ಇಲ್ಲಿ ಬಂದದ್ದನ್ನು. ಹಣ ಯಾಕಿಲ್ಲ ಅಂತ ಹೇಲಿ ಮತ್ತು ಸಂಘದ ಇನ್ನೊಬ್ಬ ನಾಯಕಿ ಕ್ಯಾಥರಿನ್ ಗಾಗಿನ್ ತೆರಿಗೆ ಕಡತ ಬಿಚ್ಚಿ ಕೂತರು. ಗ್ಯಾಸ್, ಟ್ರಾಮ್, ಟೆಲಿಫೋನ್ ಕಂಪನಿಗಳು ಊರಿನ ಬೀದಿ ಬಳಸುವ ಹಕ್ಕಿನ ಮೇಲೆ ಕಟ್ಟಬೇಕಾದ ತೆರಿಗೆಯನ್ನೇ ಕಟ್ಟಿರಲಿಲ್ಲ. 1901ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಹಕ್ಕುಗಳ ಬೆಲೆಕಟ್ಟಿ ತೆರಿಗೆ ಹಾಕಲೇಬೇಕೆಂದಿತು. ಕಂಪನಿಗಳು ಫೆಡರಲ್ ಕೋರ್ಟಿಗೆ ಹೋಗಿ ಮೊತ್ತ ಇಳಿಸಿಕೊಂಡವು, ಆದರೂ ಒಳ್ಳೆಯ ಹಣ ಬಂತು. ಮಂಡಳಿ ತನ್ನ ಪಾಲನ್ನು ಸಂಬಳಕ್ಕೆ ಕೊಡದೆ ಕಲ್ಲಿದ್ದಲು, ಕಟ್ಟಡ ರಿಪೇರಿ ಅಂತ ಖರ್ಚು ಹಾಕಿತು! ಮತ್ತೆ ಕೋರ್ಟು. 1904ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಡನ್, ಇವನೂ ಐರಿಷ್ ಮೂಲದವನೇ, ಟೀಚರುಗಳ ಪರ ತೀರ್ಪು ಕೊಟ್ಟ. ಮರುವರ್ಷ ಡನ್ ಮೇಯರ್ ಚುನಾವಣೆಗೆ ನಿಂತಾಗ ಅವರು ಅವನ ಪರ ಓಡಾಡಿದರು, ಗೆದ್ದ. ಓಟು ಹಾಕಲು ಅವರಿಗೆ ಹಕ್ಕಿರಲಿಲ್ಲ. ಇಲಿನಾಯ್ ಹೆಂಗಸರಿಗೆ ಮೇಯರನ್ನು ಆರಿಸುವ ಓಟು ಬಂದದ್ದು 1913ರಲ್ಲಿ.